ಕೇಂದ್ರ ಪೋಲೀಸು ಪಡೆಗಳ ನೌಕರಿಯೂ ಗಡಿನಾಡಿನ ಕನ್ನಡ ತರುಣರೂ



ಪ್ರತಿವರ್ಷವೂ ಹತ್ತನೆಯ ತರಗತಿಯ ಫಲಿತಾಂಶ ಬಂದೊಡನೆ ನಮ್ಮ ಹಳ್ಳಿಗಳ ಕಟ್ಟೆಗಳ ಮೇಲೆ ಒಂದೇ ಮಾತು ಕೇಳಿಬರುತ್ತದೆ: “ಹುಡುಗ ಕನ್ನಡ ಶಾಲೆಯಲ್ಲಿ ಓದಿ ಪಾಸಾದನು, ಇನ್ನು ಮುಂದೇನು?” ಮಂಜೇಶ್ವರದಲ್ಲಿಯೂ ಇದೇ ಪ್ರಶ್ನೆ, ತಾಳವಾಡಿಯಲ್ಲಿಯೂ ಇದೇ, ಅಕ್ಕಲಕೋಟೆ ಜತ್ತಗಳಲ್ಲಿಯೂ ಮಡಕಶಿರೆಯಲ್ಲಿಯೂ ಇದೇ. ತಾನಿರುವ ರಾಜ್ಯದ ನೌಕರಿಗೆ ಹೋದರೆ ಅಲ್ಲಿ ಆ ರಾಜ್ಯದ ನುಡಿಯೇ ಮೊದಲ ಹೊಸ್ತಿಲು. ತಮಿಳುನಾಡು ಸರಕಾರವು ತನ್ನ ನೌಕರಿಯ ಪರೀಕ್ಷೆಗಳಲ್ಲಿ ತಮಿಳು ಪತ್ರಿಕೆಯನ್ನು 2021ರಲ್ಲಿ ಕಡ್ಡಾಯ ಮಾಡಿತು. ಕರ್ನಾಟಕಕ್ಕೆ ಹೋದರೆ “ನೀನು ಹೊರ ರಾಜ್ಯದವನು” ಎಂಬ ಉತ್ತರ. ಹೀಗೆ ಎರಡು ಬಾಗಿಲುಗಳ ನಡುವೆ ನಿಂತ ತರುಣನು ಕಡೆಗೆ ಪಟ್ಟಣದ ಕಾರಖಾನೆಗೋ ಹೋಟೆಲಿಗೋ ಹೋಗಿಬಿಡುತ್ತಾನೆ. ಅವನನ್ನು ನೋಡಿದ ನೆರೆಯವನು ತನ್ನ ಮಗುವನ್ನು ಕನ್ನಡ ಶಾಲೆಯಿಂದ ಬಿಡಿಸುತ್ತಾನೆ. ನಮ್ಮ ಶಾಲೆಗಳು ಬರಿದಾಗುತ್ತಿರುವುದು ಸರಕಾರಗಳ ಉದಾಸೀನದಿಂದ ಮಾತ್ರವಲ್ಲ, “ಕನ್ನಡದಲ್ಲಿ ಓದಿ ಫಲವೇನು?” ಎಂಬ ಈ ಒಂದು ನಿರಾಶೆಯಿಂದಲೂ ಹೌದು.

ಈ ನಿರಾಶೆಗೆ ಉತ್ತರವಾಗಬಲ್ಲ ಒಂದು ಬಾಗಿಲು ಈಗ ತೆರೆದಿದೆ. ಅದರ ವಿಷಯ ನಮ್ಮ ಹಳ್ಳಿಗಳಲ್ಲಿ ಅನೇಕರಿಗೆ ತಿಳಿಯದು. ತಿಳಿದವರಲ್ಲಿ ಕೆಲವರಿಗೆ ತಪ್ಪಾಗಿ ತಿಳಿದಿದೆ. ಆದಕಾರಣ ಅದನ್ನು ಇಲ್ಲಿ ವಿವರವಾಗಿ ಹೇಳುವುದು ಅವಶ್ಯವೆಂದು ಭಾವಿಸಿದ್ದೇವೆ.

ಬಾಗಿಲು ತೆರೆದ ಬಗೆ

ಕೇಂದ್ರ ಸರಕಾರದ ಕೈಕೆಳಗೆ ಹಲವು ಸಶಸ್ತ್ರ ಪೋಲೀಸು ಪಡೆಗಳಿವೆ. ಗಡಿ ಭದ್ರತಾ ಪಡೆಯು ಪಾಕಿಸ್ತಾನ ಮತ್ತು ಬಾಂಗ್ಲಾದೇಶಗಳ ಗಡಿಗಳನ್ನು ಕಾಯುತ್ತದೆ. ಇಂಡೋ-ಟಿಬೆಟನ್ ಗಡಿ ಪೋಲೀಸು ಪಡೆಯು ಚೀನದ ಗಡಿಯನ್ನು, ಸಶಸ್ತ್ರ ಸೀಮಾ ಬಲವು ನೇಪಾಳ ಮತ್ತು ಭೂತಾನಗಳ ಗಡಿಗಳನ್ನು ಕಾಯುತ್ತವೆ. ಕೇಂದ್ರ ಮೀಸಲು ಪೋಲೀಸು ಪಡೆಯು ದೇಶದೊಳಗಿನ ಶಾಂತಿಪಾಲನೆಗೆ ಇರತಕ್ಕದ್ದು. ವಿಮಾನ ನಿಲ್ದಾಣಗಳನ್ನೂ ದೊಡ್ಡ ಸರಕಾರಿ ಕಾರಖಾನೆಗಳನ್ನೂ ಕಾಯುವುದು ಕೇಂದ್ರ ಕೈಗಾರಿಕಾ ಭದ್ರತಾ ಪಡೆ. ಈಶಾನ್ಯದಲ್ಲಿ ಅಸ್ಸಾಂ ರೈಫಲ್ಸ್ ಇದೆ. ಇವೆಲ್ಲಕ್ಕೂ ಬೇಕಾದ ಸಾಮಾನ್ಯ ಕಾನ್ಸ್‌ಟೇಬಲರನ್ನು ಆರಿಸಲು ಸ್ಟಾಫ್ ಸೆಲೆಕ್ಷನ್ ಕಮಿಷನ್ ಎಂಬ ಆಯೋಗವು ಒಂದೇ ಪರೀಕ್ಷೆಯನ್ನು ನಡೆಸುತ್ತದೆ. 2024ರ ಸೆಪ್ಟೆಂಬರಿನಲ್ಲಿ ಹೊರಟ ಒಂದೇ ಪ್ರಕಟಣೆಯಲ್ಲಿ 39,481 ಹುದ್ದೆಗಳಿದ್ದವು. ಹತ್ತನೆಯ ತರಗತಿ ಪಾಸಾದವರಿಗೆ ಇಷ್ಟು ದೊಡ್ಡ ಸಂಖ್ಯೆಯ ಸರಕಾರಿ ಕೆಲಸಗಳು ಬೇರೆಲ್ಲಿ ದೊರೆಯುವುವು?

ಆದರೆ ಬಹುಕಾಲ ಈ ಪರೀಕ್ಷೆ ಹಿಂದಿ ಮತ್ತು ಇಂಗ್ಲಿಷುಗಳಲ್ಲಿ ಮಾತ್ರ ನಡೆಯುತ್ತಿತ್ತು. ಬಿಹಾರದ ಹುಡುಗನು ತನ್ನ ಶಾಲೆಯ ನುಡಿಯಲ್ಲಿ ಲೆಕ್ಕ ಮಾಡುವಾಗ ನಮ್ಮ ಹುಡುಗನು ಮೊದಲು ಪ್ರಶ್ನೆಯನ್ನೇ ಬಿಡಿಸಿಕೊಳ್ಳಬೇಕಾಗಿತ್ತು. 2023ರಲ್ಲಿ ಕೇಂದ್ರ ಮೀಸಲು ಪೋಲೀಸು ಪಡೆಯ 9,212 ಹುದ್ದೆಗಳ ಪರೀಕ್ಷೆಯೂ ಹೀಗೆಯೇ ಆಗುವುದೆಂದು ತಿಳಿದಾಗ ದಕ್ಷಿಣದಲ್ಲಿ ಆಕ್ಷೇಪಣೆ ಎದ್ದಿತು. ತಮಿಳುನಾಡಿನ ಅಂದಿನ ಮುಖ್ಯಮಂತ್ರಿ ಎಂ. ಕೆ. ಸ್ಟಾಲಿನ್ ಅವರು ಕೇಂದ್ರ ಗೃಹಮಂತ್ರಿಗಳಿಗೆ ಪತ್ರ ಬರೆದರು. ಅದೇ ಏಪ್ರಿಲ್ ತಿಂಗಳಲ್ಲಿ ಗೃಹಮಂತ್ರಾಲಯವು ಕಾನ್ಸ್‌ಟೇಬಲರ ಪರೀಕ್ಷೆಯನ್ನು ಹಿಂದಿ, ಇಂಗ್ಲಿಷುಗಳಲ್ಲದೆ 13 ಪ್ರಾದೇಶಿಕ ಭಾಷೆಗಳಲ್ಲಿಯೂ ನಡೆಸುವುದಾಗಿ ಸಾರಿತು. ಆ ಹದಿಮೂರರಲ್ಲಿ ಕನ್ನಡವೂ ಒಂದು. 2024ರ ಫೆಬ್ರವರಿ 10ರಿಂದ ಮಾರ್ಚಿ 7ರ ವರೆಗೆ 128 ನಗರಗಳಲ್ಲಿ ಆ ಪರೀಕ್ಷೆ ಮೊದಲ ಬಾರಿಗೆ ಹಾಗೆ ನಡೆಯಿತು. ಸುಮಾರು 48 ಲಕ್ಷ ಉಮೇದುವಾರರು ಅದಕ್ಕೆ ಇದ್ದರು.

ಇದು ಕೇಳಿ ಪಡೆದ ಹಕ್ಕು, ಯಾರೋ ಕೊಟ್ಟ ಭಿಕ್ಷೆಯಲ್ಲ. ಆದರೆ ಸೇದದ ಬಾವಿಯಲ್ಲಿ ಹೂಳು ತುಂಬುವಂತೆ, ಬಳಸದ ಹಕ್ಕೂ ಹಾಳಾಗುತ್ತದೆ. ಕನ್ನಡದ ಪ್ರಶ್ನೆಪತ್ರವನ್ನು ಆರಿಸಿಕೊಂಡವರು ಕಡಿಮೆಯಾದರೆ, ಅದು ಬೇಕೇ ಇರಲಿಲ್ಲವೆಂದು ನಾಳೆ ವಾದಿಸುವವರಿಗೆ ನಾವೇ ಸಾಕ್ಷಿ ಒದಗಿಸಿದಂತಾಗುವುದು.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಪತ್ರಿಕೆಯಲ್ಲಿ 80 ಪ್ರಶ್ನೆಗಳು, 160 ಅಂಕಗಳು, ಒಂದು ಗಂಟೆಯ ವೇಳೆ. ಬುದ್ಧಿಶಕ್ತಿ ಮತ್ತು ತರ್ಕ, ಸಾಮಾನ್ಯ ಜ್ಞಾನ, ಪ್ರಾಥಮಿಕ ಗಣಿತ ಈ ಮೂರು ಭಾಗಗಳ 60 ಪ್ರಶ್ನೆಗಳು ಕನ್ನಡದಲ್ಲಿ ದೊರೆಯುತ್ತವೆ. ನಾಲ್ಕನೆಯ ಭಾಗದ 20 ಪ್ರಶ್ನೆಗಳು ಹಿಂದಿ ಅಥವಾ ಇಂಗ್ಲಿಷ್ ಭಾಷೆಯನ್ನೇ ಕುರಿತವು. ಕನ್ನಡದ ಹುಡುಗನಿಗೆ ಕನ್ನಡ ಭಾಷೆಯ ಪರೀಕ್ಷೆಯನ್ನೇ ಇಡಬೇಕೆಂದು ನಾವು ಕೇಳತಕ್ಕದ್ದೇ. ಆದರೆ ಕೇಳುತ್ತ ಕುಳಿತು ಈ ವರ್ಷದ 40 ಅಂಕಗಳನ್ನು ಕಳೆದುಕೊಳ್ಳಬಾರದು. ಶಾಲೆಯಲ್ಲಿ ಎರಡರಲ್ಲಿ ಯಾವುದನ್ನು ಚೆನ್ನಾಗಿ ಕಲಿತಿದ್ದೀರೋ ಅದನ್ನು ಆರಿಸಿಕೊಂಡು ಅಭ್ಯಾಸ ಮಾಡಿರಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪದ್ಧತಿಯಿರುವುದರಿಂದ ಕಣ್ಣುಮುಚ್ಚಿ ಗುರುತು ಮಾಡುವ ಚಾಳಿಯನ್ನು ಬಿಡಿರಿ.

ನುಡಿ ಒಂದು, ನೆಲೆ ಒಂದು

ಈಗ ಮುಖ್ಯವಾದ ತೊಡಕಿಗೆ ಬರೋಣ. ನಮ್ಮ ತರುಣರಲ್ಲಿ ಎರಡು ತಪ್ಪು ಕಲ್ಪನೆಗಳು ಹರಡಿರುವುದನ್ನು ನಾವು ಬಲ್ಲೆವು.

ಮೊದಲನೆಯದು: “ನಾವು ಕೇರಳದವರು, ಅಥವಾ ಮಹಾರಾಷ್ಟ್ರದವರು, ಕನ್ನಡದಲ್ಲಿ ಪರೀಕ್ಷೆ ಬರೆಯಲು ನಮಗೆ ಅಧಿಕಾರವಿಲ್ಲ” ಎಂಬುದು. ಇದು ಶುದ್ಧ ತಪ್ಪು. ಪರೀಕ್ಷೆಯ ಭಾಷೆಯನ್ನು ಆರಿಸುವವನು ಉಮೇದುವಾರ, ಅವನ ರಾಜ್ಯವಲ್ಲ. ಜತ್ತದಲ್ಲಿ ಹುಟ್ಟಿದವನು ಮಹಾರಾಷ್ಟ್ರದ ನಿವಾಸಿಯೆಂದು ಬರೆದು ಕನ್ನಡದ ಪತ್ರಿಕೆಯನ್ನು ಬೇಡಬಹುದು. ಮಂಜೇಶ್ವರದವಳು ಕೇರಳದ ನಿವಾಸಿಯೆಂದು ಬರೆದು ಕನ್ನಡವನ್ನು ಬೇಡಬಹುದು. ಅರ್ಜಿ ತುಂಬುವಾಗಲೇ ಇದನ್ನು ಹೇಳಬೇಕು. ಪೇಟೆಯ ಅಂಗಡಿಯಲ್ಲಿ ಅರ್ಜಿ ತುಂಬಿಕೊಡುವವನು ಅಭ್ಯಾಸಬಲದಿಂದ ಇಂಗ್ಲಿಷನ್ನೋ ಆ ರಾಜ್ಯದ ನುಡಿಯನ್ನೋ ಒತ್ತಿಬಿಡುವುದುಂಟು. ಪಕ್ಕದಲ್ಲಿಯೇ ಕುಳಿತು ನಿಮ್ಮ ಕಣ್ಣಿನಿಂದಲೇ ನೋಡಿಕೊಳ್ಳಿರಿ.

ಎರಡನೆಯದು ಹೆಚ್ಚು ಅಪಾಯದ್ದು: “ಹೇಗೂ ಕನ್ನಡದವರು, ಕರ್ನಾಟಕದಲ್ಲಿರುವ ಸೋದರಮಾವನ ವಿಳಾಸದ ಮೇಲೆ ಒಂದು ನಿವಾಸಿ ದಾಖಲೆ ಮಾಡಿಸಿಕೊಂಡರೆ ಸುಲಭವಾದೀತು” ಎಂಬುದು. ಈ ಹುದ್ದೆಗಳನ್ನು ರಾಜ್ಯವಾರು ಹಂಚಿರುತ್ತಾರೆ. ಆಯ್ಕೆಯ ಅಂಕಗಳೂ ರಾಜ್ಯವಾರು ಬೇರೆಬೇರೆ. ಆದುದರಿಂದ ಯಾವ ರಾಜ್ಯವೆಂದು ಅರ್ಜಿಯಲ್ಲಿ ಬರೆಯುತ್ತೀರೋ ಆ ರಾಜ್ಯದ ನಿವಾಸಿ ಪ್ರಮಾಣಪತ್ರವನ್ನು ದಾಖಲೆಗಳ ತಪಾಸಣೆಯ ದಿನ ತೋರಿಸಲೇಬೇಕು. ತೋರಿಸದಿದ್ದರೆ, ಓಟದಲ್ಲಿ ಗೆದ್ದರೂ ಲಿಖಿತದಲ್ಲಿ ಗೆದ್ದರೂ, ಉಮೇದುವಾರಿಕೆ ರದ್ದಾಗುತ್ತದೆ. ಸುಳ್ಳು ದಾಖಲೆಯೆಂದು ಸಿದ್ಧವಾದರೆ ಮುಂದಿನ ಪರೀಕ್ಷೆಗಳಿಗೂ ಸಂಚಕಾರ ಬರುವುದು. ಪೋಲೀಸನಾಗಲು ಹೊರಟವನು ಪೋಲೀಸರ ಮುಂದೆ ನಿಲ್ಲಬೇಕಾದೀತು.

ನಮ್ಮ ಹಳ್ಳಿಗಳು ಯಾವ ರಾಜ್ಯದಲ್ಲಿ ಇರಬೇಕಾಗಿದ್ದವು ಎಂಬ ವಾದವನ್ನು ನಾವು ಬಿಟ್ಟಿಲ್ಲ. 1956ರ ನವೆಂಬರ್ 1ರಿಂದ ಅದು ನಡೆದುಬಂದಿದೆ. 1967ರಲ್ಲಿ ಮಹಾಜನ ಆಯೋಗ ಅದರ ಬಗೆಗೆ ವರದಿಯನ್ನೂ ಕೊಟ್ಟಿತು. ಆದರೆ ಆ ವಾದ ನಡೆಯತಕ್ಕದ್ದು ಸಭೆಗಳಲ್ಲಿ, ಶಾಸನಸಭೆಗಳಲ್ಲಿ, ನ್ಯಾಯಾಲಯಗಳಲ್ಲಿ. ಹದಿನೆಂಟು ವರ್ಷದ ಹುಡುಗನೊಬ್ಬನ ನೌಕರಿಯ ಅರ್ಜಿಯಲ್ಲಲ್ಲ. ಅಲ್ಲಿ ನಿಜವನ್ನೇ ಬರೆಯಿರಿ. ನೆಲೆ ಯಾವುದೋ ಅದೇ ನೆಲೆ. ನುಡಿ ಯಾವುದೋ ಅದೇ ನುಡಿ. ಕೇರಳದ ನಿವಾಸಿಯೊಬ್ಬನು ಕನ್ನಡದಲ್ಲಿ ಬರೆದು ಆಯ್ಕೆಯಾದನೆಂದರೆ, ಕೇರಳದಲ್ಲಿ ಕನ್ನಡಿಗರಿದ್ದಾರೆ ಎಂಬುದಕ್ಕೆ ಅದಕ್ಕಿಂತ ಬಲವಾದ ದಾಖಲೆ ಬೇಕೆ? ಅವನು ಸುಳ್ಳು ವಿಳಾಸದಿಂದ ಕರ್ನಾಟಕದವನಾಗಿ ಹೋದರೆ ನಮ್ಮ ಊರಿನ ಲೆಕ್ಕದಿಂದ ಒಬ್ಬ ಕನ್ನಡಿಗ ಕಡಿಮೆಯಾದಂತೆಯೇ ಸರಿ.

ಇನ್ನೊಂದು ಮಾತು. ಈ ಪ್ರಕಟಣೆಗಳಲ್ಲಿ “ಗಡಿ ಜಿಲ್ಲೆ”ಗಳಿಗೆಂದು ಪ್ರತ್ಯೇಕ ಹುದ್ದೆಗಳು ಕಾಣುತ್ತವೆ. ಅದನ್ನು ಓದಿ ನಮ್ಮವರು ಮೋಸಹೋಗಬಾರದು. ಅಲ್ಲಿ ಗಡಿಯೆಂದರೆ ಹೊರದೇಶಗಳೊಡನೆ ಇರುವ ಗಡಿ. ಕಾಸರಗೋಡು, ಸೊಲ್ಲಾಪುರಗಳ ಗಡಿ ನಮಗೆ ಎಷ್ಟು ದೊಡ್ಡದಾದರೂ ಆ ಲೆಕ್ಕಕ್ಕೆ ಸೇರುವುದಿಲ್ಲ.

ದಾಖಲೆಗಳ ಸಿದ್ಧತೆ

ನಿವಾಸಿ ಪ್ರಮಾಣಪತ್ರಕ್ಕೆ ಕೇರಳದಲ್ಲಿ ಅಕ್ಷಯ ಕೇಂದ್ರಗಳ ಮೂಲಕ, ತಮಿಳುನಾಡಿನಲ್ಲಿ ಇ-ಸೇವೈ ಕೇಂದ್ರಗಳ ಮೂಲಕ, ಮಹಾರಾಷ್ಟ್ರದಲ್ಲಿ ಸೇತು ಕೇಂದ್ರ ಅಥವಾ ಆಪಲೆ ಸರಕಾರ್ ಮೂಲಕ, ಆಂಧ್ರ ತೆಲಂಗಾಣಗಳಲ್ಲಿ ಮೀಸೇವಾ ಮೂಲಕ ಅರ್ಜಿ ಹಾಕಬಹುದು. ಪ್ರಕಟಣೆ ಹೊರಟ ಮೇಲೆ ಓಡಾಡುವುದಕ್ಕಿಂತ ಮೊದಲೇ ಮಾಡಿಸಿಟ್ಟುಕೊಳ್ಳುವುದು ಲೇಸು.

ನಮ್ಮವರಿಗೆ ವಿಶೇಷವಾಗಿ ಒದಗುವ ಕಷ್ಟವೆಂದರೆ ಹೆಸರಿನದು. ತಂದೆ ಇಟ್ಟ ಹೆಸರು ಬಸಪ್ಪ. ಒಂದು ಕಚೇರಿಯ ಗುಮಾಸ್ತರು ಅದನ್ನು ಬಸವನ್ ಎಂದು ಬರೆಯುತ್ತಾರೆ, ಮತ್ತೊಂದರಲ್ಲಿ ಬಸಾಪಾ ಆಗುತ್ತದೆ. ಒಂದು ಕಡೆ ಊರಿನ ಹೆಸರು ಮುಂದೆ, ಮತ್ತೊಂದು ಕಡೆ ಮನೆತನದ ಹೆಸರು ಹಿಂದೆ. ಹತ್ತನೆಯ ತರಗತಿಯ ಪ್ರಮಾಣಪತ್ರದಲ್ಲಿ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಹೇಗಿವೆಯೋ ಹಾಗೆಯೇ ಅರ್ಜಿಯಲ್ಲಿ ಇರಬೇಕು. ಆಧಾರ್ ಚೀಟಿಯೂ ಅದಕ್ಕೆ ಹೊಂದಬೇಕು. ಇಂದೇ ಪೆಟ್ಟಿಗೆ ತೆರೆದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿರಿ, ಭೇದವಿದ್ದರೆ ತಿದ್ದಿಸಿರಿ.

ಜಾತಿ ಪ್ರಮಾಣಪತ್ರದ ವಿಷಯದಲ್ಲಿಯೂ ಎಚ್ಚರ ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗಗಳ ಪಟ್ಟಿಗಳು ರಾಜ್ಯರಾಜ್ಯಕ್ಕೆ ಬೇರೆ. ಕರ್ನಾಟಕದಲ್ಲಿರುವ ನಿಮ್ಮ ಬೀಗರಿಗೆ ದೊರೆತ ಸೌಲಭ್ಯ ನಿಮಗೆ ದೊರೆಯುವುದೆಂದು ಊಹಿಸಬಾರದು. ನೀವಿರುವ ರಾಜ್ಯದ ಪಟ್ಟಿಯೇ ನಿಮಗೆ ಪ್ರಮಾಣ. ಹಿಂದುಳಿದ ವರ್ಗದವರು ರಾಜ್ಯ ಸರಕಾರದ ನಮೂನೆಯನ್ನಲ್ಲ, ಕೇಂದ್ರ ಸರಕಾರದ ನೌಕರಿಗೆ ಗೊತ್ತುಮಾಡಿದ ನಮೂನೆಯನ್ನು ಕೇಳಿ ಪಡೆಯಬೇಕು.

ಅರ್ಜಿಯನ್ನು ಆಯೋಗದ ಜಾಲತಾಣದಲ್ಲಿಯೇ ತುಂಬತಕ್ಕದ್ದು. ಮೊದಲು ಒಂದು ಸಲ ಹೆಸರು ನೋಂದಾಯಿಸಿ, ಅನಂತರ ಆಯಾ ಪರೀಕ್ಷೆಗೆ ಅರ್ಜಿ ಹಾಕಬೇಕು. ಇದುವರೆಗಿನ ಪ್ರಕಟಣೆಗಳಲ್ಲಿ ಶುಲ್ಕ 100 ರೂಪಾಯಿ. ಸ್ತ್ರೀಯರಿಗೂ ಪರಿಶಿಷ್ಟರಿಗೂ ಮಾಜಿ ಸೈನಿಕರಿಗೂ ಅದೂ ಇಲ್ಲ. ಎನ್‌ಸಿಸಿ ಪ್ರಮಾಣಪತ್ರವಿದ್ದವರಿಗೆ ಹೆಚ್ಚಿನ ಅಂಕಗಳುಂಟು: ಸಿ ವರ್ಗಕ್ಕೆ ಪೂರ್ಣಾಂಕದ ನೂರಕ್ಕೆ 5, ಬಿ ವರ್ಗಕ್ಕೆ 3, ಎ ವರ್ಗಕ್ಕೆ 2. ಯಾವ ಪಡೆ ಮೊದಲು, ಯಾವುದು ಅನಂತರ ಎಂಬ ಇಚ್ಛೆಯನ್ನೂ ಅರ್ಜಿಯಲ್ಲಿಯೇ ಬರೆಯಬೇಕಾಗುವುದರಿಂದ, ಮನೆಯಲ್ಲಿ ಆಲೋಚಿಸಿಯೇ ಹೋಗಿರಿ. ಕರ್ನಾಟಕ ಮತ್ತು ಕೇರಳಗಳೆರಡಕ್ಕೂ ಆಯೋಗದ ಪ್ರಾದೇಶಿಕ ಕಚೇರಿ ಒಂದೇ, ಅದು ಬೆಂಗಳೂರಿನಲ್ಲಿದೆ. ತಮಿಳುನಾಡು, ಆಂಧ್ರ, ತೆಲಂಗಾಣಗಳಿಗೆ ಚೆನ್ನೈ. ಮಹಾರಾಷ್ಟ್ರ, ಗೋವೆಗಳಿಗೆ ಮುಂಬಯಿ. ಹತ್ತಿರದ ಪರೀಕ್ಷಾ ಕೇಂದ್ರವನ್ನು ಆರಿಸುವಾಗ ಇದು ನೆನಪಿರಲಿ.

ದೇಹದ ಸಿದ್ಧತೆ

ವಯಸ್ಸು 18ರಿಂದ 23. ಪರಿಶಿಷ್ಟರಿಗೆ 5 ವರ್ಷ, ಹಿಂದುಳಿದ ವರ್ಗದವರಿಗೆ 3 ವರ್ಷ ಸಡಿಲಿಕೆ. ಎತ್ತರ ಪುರುಷರಿಗೆ 170 ಸೆಂಟಿಮೀಟರು, ಸ್ತ್ರೀಯರಿಗೆ 157. ಪರಿಶಿಷ್ಟ ಪಂಗಡದವರಿಗೆ ಕ್ರಮವಾಗಿ 162.5 ಮತ್ತು 150. ಪುರುಷರ ಎದೆಯಳತೆ 80 ಸೆಂಟಿಮೀಟರು, ಉಸಿರೆಳೆದಾಗ ಇನ್ನೂ 5 ಹಿಗ್ಗಬೇಕು. ಪಂಗಡದವರಿಗೆ ಮೊದಲ ಅಳತೆ 76. ಪುರುಷರು 5 ಕಿಲೋಮೀಟರನ್ನು 24 ನಿಮಿಷಗಳಲ್ಲಿ, ಸ್ತ್ರೀಯರು 1.6 ಕಿಲೋಮೀಟರನ್ನು ಎಂಟೂವರೆ ನಿಮಿಷಗಳಲ್ಲಿ ಓಡಬೇಕು. ಇವು ಈಚಿನ ಪ್ರಕಟಣೆಗಳ ಅಂಕಿಗಳು. ಆಯಾ ವರ್ಷದ ಪ್ರಕಟಣೆಯೇ ಕೊನೆಯ ಮಾತು.

ಲಿಖಿತ ಪರೀಕ್ಷೆ ಮೊದಲು, ಓಟ ಅನಂತರ. ಹಾಗೆಂದು ಲಿಖಿತದ ಫಲ ಬಂದ ಮೇಲೆ ಓಡಲು ಕಲಿಯುತ್ತೇನೆಂದರೆ ಆಗದು. ಊರಿನ ಕೆರೆಯ ಏರಿಯನ್ನೋ ಶಾಲೆಯ ಬಯಲನ್ನೋ ಅಳೆದು ಗುರುತು ಹಾಕಿ, ಗಡಿಯಾರ ಹಿಡಿದು ಒಬ್ಬನು ನಿಲ್ಲಲಿ, ಉಳಿದವರು ಓಡಲಿ. ಕನ್ನಡಕವಿಲ್ಲದೆ ದೂರ ಕಾಣಬೇಕು, ಬಣ್ಣಗಳ ಭೇದ ತಿಳಿಯಬೇಕು. ಇವನ್ನು ಮೊದಲೇ ವೈದ್ಯರಲ್ಲಿ ತೋರಿಸಿಕೊಂಡರೆ ವೃಥಾ ಆಸೆಯೂ ಇಲ್ಲ, ವೃಥಾ ಭಯವೂ ಇಲ್ಲ. ಹಚ್ಚೆ ಹಾಕಿಸಿಕೊಳ್ಳುವ ಹವ್ಯಾಸದವರು ತಡೆಯಲಿ: ವಂದನೆ ಮಾಡುವ ಬಲಗೈಯ ಮೇಲೆ ಹಚ್ಚೆಗೆ ಒಪ್ಪಿಗೆಯಿಲ್ಲ, ಎಡ ಮುಂಗೈಯ ಒಳಭಾಗದಲ್ಲಿ ಚಿಕ್ಕದಾಗಿದ್ದರೆ ಮಾತ್ರ ಒಪ್ಪುತ್ತಾರೆ.

ಕೆಲವು ಆಕ್ಷೇಪಗಳು

“ಮಗನನ್ನು ಅಷ್ಟು ದೂರ ಕಳಿಸುವುದೆ?” ಎನ್ನುವ ತಾಯಂದಿರ ಸಂಕಟ ನಮಗೆ ತಿಳಿಯದ್ದಲ್ಲ. ಈ ಕೆಲಸ ಸುಖದ ಕೆಲಸವೆಂದು ನಾವು ಹೇಳುವುದಿಲ್ಲ. ಹಿಮದಲ್ಲಿ ನಿಲ್ಲಬೇಕು, ಕಾಡಿನಲ್ಲಿ ಮಲಗಬೇಕು, ಹಬ್ಬಕ್ಕೆ ರಜೆ ಸಿಕ್ಕೀತೆಂಬ ಭರವಸೆಯಿಲ್ಲ, ಪ್ರಾಣಾಪಾಯವೂ ಉಂಟು. ಪಡೆಯೊಳಗಿನ ವ್ಯವಹಾರ ಬಹುಮಟ್ಟಿಗೆ ಹಿಂದಿಯಲ್ಲಿ. ತರಬೇತಿಯಲ್ಲಿ ಅದನ್ನು ಕಲಿಯಬೇಕಾಗುವುದು. ಪ್ರತಿಯಾಗಿ 7ನೆಯ ವೇತನ ಆಯೋಗ ಗೊತ್ತುಮಾಡಿದ ಶ್ರೇಣಿಯಂತೆ 21,700 ರೂಪಾಯಿಗಳ ಮೂಲವೇತನದಿಂದ ಆರಂಭ, ಮೇಲೆ ಭತ್ಯೆಗಳು, ಬಡ್ತಿಯ ದಾರಿ. ಲಾಭನಷ್ಟಗಳೆರಡನ್ನೂ ತೂಗಿ ಮನೆಯವರೆಲ್ಲ ನಿರ್ಧರಿಸತಕ್ಕದ್ದು. ಹೋಗಲೇಬೇಕೆಂದು ನಾವು ಯಾರನ್ನೂ ನೂಕುವುದಿಲ್ಲ. ಹೋಗಲು ಮನಸ್ಸುಳ್ಳವನು ತಿಳಿವಳಿಕೆಯಿಲ್ಲದ್ದರಿಂದ ಹಿಂದೆ ಉಳಿಯಬಾರದು ಎಂಬುದಷ್ಟೇ ನಮ್ಮ ಮಾತು.

“ಹೆಣ್ಣುಮಕ್ಕಳಿಗೆ ಇದು ತಕ್ಕುದೆ?” ಎನ್ನುವವರಿಗೆ ಒಂದು ಸಂಗತಿ: ಕೇಂದ್ರ ಮೀಸಲು ಪಡೆ ಮತ್ತು ಕೈಗಾರಿಕಾ ಭದ್ರತಾ ಪಡೆಗಳ ಕಾನ್ಸ್‌ಟೇಬಲ್ ಹುದ್ದೆಗಳಲ್ಲಿ ಮೂರರಲ್ಲಿ ಒಂದು ಪಾಲು ಸ್ತ್ರೀಯರಿಗೆ ಇರಬೇಕೆಂದು ಕೇಂದ್ರ ಸರಕಾರವು 2016ರಲ್ಲಿಯೇ ತೀರ್ಮಾನಿಸಿತು. ಬೆಳಗಾಗುವ ಮೊದಲೇ ಹೊಲಕ್ಕೆ ನಡೆಯುವ, ಮೈಲಿಗಟ್ಟಲೆ ನೀರು ಹೊರುವ ನಮ್ಮ ಹೆಣ್ಣುಮಕ್ಕಳಿಗೆ ದೇಹಬಲದ ಕೊರತೆಯಿಲ್ಲ. ಕೊರತೆಯಿರುವುದು ಅವರ ಹೆಸರಿನಲ್ಲಿ ಅರ್ಜಿ ಹಾಕುವವರದು.

“ಹಣ ಕೊಡದೆ ಕೆಲಸವಾದೀತೆ?” ಎಂಬ ಮೂರನೆಯ ಮಾತು ಎಲ್ಲಕ್ಕಿಂತ ಹಾನಿಕರ. ಎಮ್ಮೆ ಮಾರಿ, ಹೊಲ ಅಡವಿಟ್ಟು ದಲ್ಲಾಳಿಗಳಿಗೆ ಕೊಡುವವರು ಇದ್ದಾರೆ. ದಲ್ಲಾಳಿಯ ಉಪಾಯ ಸರಳವಾದುದು: ಹತ್ತು ಜನರಿಂದ ಹಣ ತೆಗೆದುಕೊಳ್ಳುತ್ತಾನೆ, ಅವರಲ್ಲಿ ಇಬ್ಬರು ಸ್ವಂತ ಬಲದಿಂದ ಪಾಸಾಗುತ್ತಾರೆ, ಅದು ತನ್ನಿಂದ ಆಯಿತೆಂದು ಹೇಳಿಕೊಂಡು ಉಳಿದ ಎಂಟು ಜನರಿಗೆ ಮುಂದಿನ ವರ್ಷದ ವಾಯಿದೆ ಹಾಕುತ್ತಾನೆ. ಪರೀಕ್ಷೆ ನಡೆಯುವುದು ಕಂಪ್ಯೂಟರಿನ ಮೇಲೆ. ಹಣ ಕೇಳಿದವನು ಮೋಸಗಾರನೆಂದೇ ತಿಳಿಯಿರಿ.

ಹಳ್ಳಿಯ ಕರ್ತವ್ಯ

ಅರ್ಜಿ ಹುಡುಗನದಾದರೂ ಸಿದ್ಧತೆ ಹಳ್ಳಿಯದು. ಪ್ರತಿ ಕನ್ನಡ ಶಾಲೆಯ ಒಬ್ಬ ಉಪಾಧ್ಯಾಯರು ವಾರಕ್ಕೆ ಎರಡು ಸಂಜೆ ಗಣಿತ ಮತ್ತು ತರ್ಕಗಳನ್ನು ಹೇಳಿಕೊಡಲಿ. ಊರಿನಲ್ಲಿ ನಿವೃತ್ತ ಸೈನಿಕನೋ ಪೋಲೀಸನೋ ಇದ್ದರೆ ಅವನು ಬೆಳಗಿನ ಓಟವನ್ನು ನೋಡಿಕೊಳ್ಳಲಿ. ವಾಚನಾಲಯವಿದ್ದಲ್ಲಿ ಕನ್ನಡ ವೃತ್ತಪತ್ರಿಕೆಯೊಂದನ್ನು ತಪ್ಪದೆ ತರಿಸಿರಿ. ಸಾಮಾನ್ಯ ಜ್ಞಾನಕ್ಕೆ ಅದಕ್ಕಿಂತ ಅಗ್ಗದ ಪುಸ್ತಕವಿಲ್ಲ. ಪ್ರಕಟಣೆ ಹೊರಟ ದಿನವನ್ನೂ ಕೊನೆಯ ದಿನವನ್ನೂ ಗುಡಿಯ ಗೋಡೆಗೆ, ಮಸೀದಿಯ ಬಾಗಿಲಿಗೆ, ಹಾಲಿನ ಸೊಸೈಟಿಯ ಹಲಗೆಗೆ ಬರೆದು ಹಚ್ಚಿರಿ. ಒಬ್ಬ ಆಯ್ಕೆಯಾಗಿ ಬಂದರೆ ಅವನನ್ನು ಶಾಲೆಗೆ ಕರೆಸಿ, ಕನ್ನಡದಲ್ಲಿ ಬರೆದೇ ಗೆದ್ದೆನೆಂದು ಮಕ್ಕಳ ಮುಂದೆ ಅವನ ಬಾಯಿಂದಲೇ ಹೇಳಿಸಿರಿ.

ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲ ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಇರಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದ ಹೇಳುತ್ತ ಬಂದಿದೆ. ಆ ಶಾಲೆಯಲ್ಲಿ ಕಲಿತ ಕನ್ನಡಕ್ಕೆ ದೇಶದ ನೌಕರಿಯ ಪರೀಕ್ಷೆಯಲ್ಲಿ ಬೆಲೆ ಬರಲು ಇಷ್ಟು ವರ್ಷಗಳು ಬೇಕಾದುವು. ಇನ್ನು ನಮ್ಮ ಸರದಿ. ನಿಮ್ಮ ಊರಿನ ಹೆಸರನ್ನು ಮುಚ್ಚಿಡದೆ ಬರೆಯಿರಿ. ನಿಮ್ಮ ನುಡಿಯನ್ನು ಅಂಜದೆ ಆರಿಸಿರಿ. ಮೈಯನ್ನೂ ಮನಸ್ಸನ್ನೂ ಹದಗೊಳಿಸಿರಿ. “ಕನ್ನಡದಲ್ಲಿ ಓದಿ ಫಲವೇನು?” ಎಂದು ಕಟ್ಟೆಯ ಮೇಲೆ ಕೇಳುವವರಿಗೆ ನಾವು ಭಾಷಣಗಳಿಂದ ಉತ್ತರ ಕೊಟ್ಟದ್ದು ಸಾಕು. ಇನ್ನು ಆ ಉತ್ತರವನ್ನು ನಮ್ಮ ಮಕ್ಕಳು ಕೊಡಲಿ.